ಮೂರನೇ ಹಾಸಿಗೆಯ ಉಸಿರು

ಜೂನ್ 6, ಸೋಮವಾರ

ನನ್ನ ಅಕ್ಷರ ಚೆನ್ನಾಗಿಲ್ಲ. ಕಾಗುಣಿತವೂ ಅಷ್ಟಕ್ಕಷ್ಟೆ. ಒತ್ತಕ್ಷರ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎನ್ನುವುದು ಐದನೇ ಕ್ಲಾಸಿನವರೆಗೂ ತಲೆಗೆ ಹತ್ತಲಿಲ್ಲ. ಆಮೇಲೆ ಶಾಲೆಯೇ ಇರಲಿಲ್ಲ. ಇದನ್ನು ಓದುವವರು ಯಾರೂ ಇಲ್ಲ. ಆದರೂ ತಪ್ಪಿದ್ದ ಕಡೆ ಮನ್ನಿಸಬೇಕು ಎಂದು ಮೊದಲೇ ಬರೆದಿಡುತ್ತೇನೆ. ಒಳಗೆ ಬರುವ ಮುಂಚೆ ಕಾಲು ಒರೆಸಿಕೊಂಡ ಹಾಗೆ.

ಪುಸ್ತಕ ಕೊಟ್ಟವರು ಲ್ಯಾಬಿನ ಮೇಷ್ಟ್ರು. ಓದು ಬಿಟ್ಟುಹೋದ ಯಾವುದೋ ಹುಡುಗಿಯ ರೆಕಾರ್ಡ್ ಪುಸ್ತಕವಂತೆ. ಬರೆದ ಹಾಳೆಗಳನ್ನು ಕಿತ್ತು, ಖಾಲಿ ಉಳಿದದ್ದನ್ನು ತೊಳೆಯುವ ಕಟ್ಟೆಯ ಮೇಲೆ ಇಟ್ಟು ಹೇಳಿದರು: "ಬಾಯಿ ತೆಗೆಯೋಕೆ ಆಗಲ್ಲ ಅಂದ್ರೆ ಇದರಲ್ಲಾದ್ರೂ ಕಕ್ಕಮ್ಮ. ಒಳಗೇ ಇಟ್ಕೊಂಡ್ರೆ ಹುಳಿ ಬರತ್ತೆ." ಅವರು ಎಲ್ಲರ ಹತ್ತಿರವೂ ತಮಾಷೆಯಾಗಿಯೇ ಮಾತಾಡುತ್ತಾರೆ. ಯಾರೂ ಇಲ್ಲದಿದ್ದರೆ ಬಾಟಲಿಗಳ ಹತ್ತಿರ.

ಈ ನರ್ಸಿಂಗ್ ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವುದು ನನ್ನ ಕೆಲಸ. ಮೊದಲು ಸೋಪಿನ ನೀರು, ಆಮೇಲೆ ನಲ್ಲಿ ನೀರು, ಕೊನೆಗೆ ಬಟ್ಟಿ ಇಳಿಸಿದ ನೀರು. ಗಾಜು ಶುದ್ಧವಾಗಿದ್ದರೆ ನೀರು ಒಳಗೆ ಒಂದೇ ಪೊರೆಯಂತೆ ಜಾರುತ್ತದೆ. ಎಲ್ಲಾದರೂ ಹನಿ ನಿಂತರೆ ಅಲ್ಲಿ ಜಿಡ್ಡು ಉಳಿದಿದೆ ಎಂದು ಅರ್ಥ. ಸಂಜೆಯಾದ ಮೇಲೆ ಲ್ಯಾಬಿನ ಹಿಂದೆ, ಖಾಲಿ ಪೆಟ್ಟಿಗೆಗಳನ್ನು ಇಡುವ ಕೋಣೆಯ ಪಕ್ಕದ ಕೋಣೆಯಲ್ಲಿ ಇರುತ್ತೇನೆ. ಒಂದು ಮಂಚ, ಒಂದು ಕಿಟಕಿ. ಕಿಟಕಿಯ ಎದುರು ಗೋಡೆ.

ಇವತ್ತು ನಾನು ಆಡಿದ ಮಾತುಗಳು: ಹೂಂ. ಆಯ್ತು. ಇಲ್ಲ. ಮತ್ತೆ ಹೂಂ.

ಜೂನ್ 8, ಬುಧವಾರ

ಇವತ್ತು ಗೊಂಬೆಯ ಬದಲು ನಾನು ಮಲಗಿದೆ.

ಮೇಲಿನ ಮಹಡಿಯಲ್ಲಿ ಹುಡುಗಿಯರು ಅಭ್ಯಾಸ ಮಾಡಲು ಮೂರು ಹಾಸಿಗೆಗಳ ಒಂದು ವಾರ್ಡ್ ಇದೆ, ಸುಳ್ಳು ವಾರ್ಡ್. ಮೂರನೇ ಹಾಸಿಗೆಯ ಪ್ಲಾಸ್ಟಿಕ್ ಗೊಂಬೆಯ ಭುಜ ಕಳಚಿದೆ. ಹೇಗೂ ಗೊಂಬೆಗೆ ನಾಡಿ ಇಲ್ಲ, ಉಸಿರಿಲ್ಲ. ಹುಡುಗಿಯರೇ ಒಬ್ಬರಿಗೊಬ್ಬರು ಮಲಗಿದರೆ, ಪಾಠ ಗೊತ್ತಿರುವವರ ಉಸಿರು ಎಣಿಸಿ ಪ್ರಯೋಜನವಿಲ್ಲವಂತೆ. ಏನೂ ಗೊತ್ತಿಲ್ಲದ ಒಂದು ಜೀವ ಬೇಕು ಎಂದು ಆ ವಾರ್ಡಿನ ಪಾಠ ಮಾಡುವ ಮೇಡಂ ಲ್ಯಾಬಿಗೆ ಬಂದು ಕೇಳಿದರು. ಮೇಷ್ಟ್ರು ನನ್ನ ಕಡೆ ಕೈ ತೋರಿಸಿ, "ಇವಳಿದ್ದಾಳಲ್ಲ, ನಿಮ್ಮ ಗೊಂಬೆಗಿಂತ ಕಡಿಮೆ ಮಾತಾಡ್ತಾಳೆ" ಎಂದರು.

ಈ ಮೇಡಂ ಅಂದರೆ ಎಲ್ಲರಿಗೂ ನಡುಕ. ಬೈಯುವ ಮೊದಲು ಮಣಿಕಟ್ಟನ್ನು ಎರಡು ಸಲ ಝಾಡಿಸುತ್ತಾರೆ, ಜ್ವರದ ಕಡ್ಡಿಯ ಪಾದರಸ ಕೆಳಗಿಳಿಸುವ ಹಾಗೆ. ಅದಕ್ಕೇ ಹುಡುಗಿಯರು ಅವರಿಗೆ ಥರ್ಮಾಮೀಟರ್ ಎನ್ನುತ್ತಾರೆ. ಹೋದ ವರ್ಷ ಕಾಲೇಜಿನ ರಿಸಲ್ಟ್ ಬಿದ್ದುಹೋಗಿ, ಪ್ರಿನ್ಸಿಪಾಲರ ಮುಂದೆ ಇವರೇ ನಿಂತು ಬೈಗುಳ ಕೇಳಿಸಿಕೊಂಡರಂತೆ. ಈ ವರ್ಷ ಯಾರನ್ನೂ ಸುಮ್ಮನೆ ಬಿಡುವುದಿಲ್ಲ ಎಂದು ಮೇಷ್ಟ್ರು ಹೇಳಿದರು.

ನಾನು ಮಲಗಿದೆ. ಒಬ್ಬೊಬ್ಬರಾಗಿ ಬಂದು ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ನಾಡಿ ಎಣಿಸಿದರು. ಮೇಡಂ ನನ್ನ ಹೊಟ್ಟೆಯ ಮೇಲಿನಿಂದ ಆ ಕಡೆಯವರಿಗೆ ಪಾಠ ಹೇಳಿದರು: "ನಾಡಿ ಮುಗಿದ ಮೇಲೂ ಕೈ ಬಿಡಬೇಡಿ. ನಾಡಿ ನೋಡ್ತಿದೀವಿ ಅಂತ್ಲೇ ಪೇಷಂಟ್ ಅಂದ್ಕೊಂಡಿರ್ಲಿ. ಆಗ ಎದೆ ಕಡೆ ನೋಡಿ ಉಸಿರು ಎಣಿಸಿ. ಹೇಳಿ ಎಣಿಸಿದ್ರೆ ಉಸಿರು ನಾಟಕ ಆಡತ್ತೆ." ಹಾಸಿಗೆಗೆ ಕಿವಿ ಇಲ್ಲ ಎನ್ನುವಂತೆ ಹೇಳಿದರು. ನಾನೂ ಕಿವಿ ಇಲ್ಲದವಳಂತೆ ಮಲಗಿದ್ದೆ.

ಅಷ್ಟು ಜನ ನನ್ನ ಕೈ ಹಿಡಿದರು. ಕೋಣೆಗೆ ಬಂದ ಮೇಲೂ ಮಣಿಕಟ್ಟು ಬೆಚ್ಚಗಿತ್ತು. ಅಮ್ಮ ಹೋದ ಮೇಲೆ ಯಾರಾದರೂ ನನ್ನ ಕೈ ಹಿಡಿದದ್ದು ನೆನಪಿಲ್ಲ.

ಜೂನ್ 14, ಮಂಗಳವಾರ

ವಾರಕ್ಕೆ ಮೂರು ದಿನ ಮಲಗಬೇಕೆಂದು ಆಗಿದೆ. ಹುಡುಗಿಯರು ನನ್ನನ್ನು "ಮೂರನೇ ಹಾಸಿಗೆ" ಎನ್ನುತ್ತಾರೆ. ಕಾರಿಡಾರಿನಲ್ಲಿ ಸಿಕ್ಕರೂ ಅದೇ. "ಮೂರನೇ ಹಾಸಿಗೆ, ಸ್ವಲ್ಪ ಪಕ್ಕಕ್ಕೆ ಸರಿ." ಒಬ್ಬಳಿಗೆ ಇದು ಬಹಳ ನಗು ತರಿಸುತ್ತದೆ.

ಅವರಲ್ಲಿ ಒಬ್ಬಳು ಬೇರೆ. ಉಳಿದವರಿಗಿಂತ ವಯಸ್ಸಿನಲ್ಲಿ ದೊಡ್ಡವಳು. ಎಲ್ಲದರಲ್ಲೂ ಅವಸರ, ಕೈ ನಡುಕ, ಏನಾದರೂ ಬೀಳಿಸುವುದು. ಗಡಿಬಿಡಿ ಎಂದೇ ಕರೆಯುತ್ತಾರೆ. ಹಾಸಿಗೆಯ ಹತ್ತಿರ ಬಂದು ಅವಳು ಮೊದಲು ನನ್ನ ಮುಖ ನೋಡಿದಳು. "ನಿಮ್ಮ ಕೈ ಹಿಡೀಲಾ?" ಎಂದು ಕೇಳಿದಳು. ಬೇರೆ ಯಾರೂ ಕೇಳಿಲ್ಲ. ನಾನು ಹೂಂ ಎಂದೆ. ಕೈ ಹಿಡಿದವಳು ಮೇಡಂ ಹಿಂದೆ ಬಂದು ನಿಂತ ಕೂಡಲೇ ಲೆಕ್ಕ ತಪ್ಪಿದಳು.

ಮಧ್ಯಾಹ್ನ ಅವಳೇ ಲ್ಯಾಬಿಗೆ ಬಂದಳು. ಇವತ್ತು ಬಣ್ಣ ಬಿಡಿಸುವ ಪಾಠ. ಸೋಸುವ ಕಾಗದದ ಪಟ್ಟಿಯ ತುದಿಯಿಂದ ಸ್ವಲ್ಪ ಮೇಲೆ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು, ಗೆರೆಯ ಮೇಲೆ ಶಾಯಿಯ ಒಂದು ಚುಕ್ಕಿ ಇಟ್ಟು, ಪಟ್ಟಿಯ ತುದಿ ಮಾತ್ರ ತೋಯುವಂತೆ ನೀರಿನ ಲೋಟದಲ್ಲಿ ನಿಲ್ಲಿಸುತ್ತಾರೆ. ನೀರು ಮೇಲೆ ಹತ್ತುತ್ತಾ ಚುಕ್ಕಿಯನ್ನೂ ಎಳೆದುಕೊಂಡು ಹೋಗುತ್ತದೆ. ಕಪ್ಪು ಎಂದುಕೊಂಡದ್ದು ನೀಲಿ, ಗುಲಾಬಿ, ಹಳದಿಯಾಗಿ ಬಿಟ್ಟುಕೊಳ್ಳುತ್ತದೆ. ಒಂದೊಂದು ಬಣ್ಣ ಒಂದೊಂದು ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಗೆರೆಯಿಂದ ಎಷ್ಟು ದೂರ ಹೋಯಿತು ಎಂದು ಅಳತೆ ಹಿಡಿದು ಬರೆಯುತ್ತಾರೆ. ಗಡಿಬಿಡಿ ಗೆರೆಯನ್ನೇ ಪೆನ್ನಿನಿಂದ ಎಳೆದಿದ್ದಳು. ನೀರು ಹತ್ತಿದ ಮೇಲೆ ಗೆರೆಯೂ ಕರಗಿ ಚುಕ್ಕಿಯ ಜೊತೆ ಹೊರಟಿತು. ಮೇಷ್ಟ್ರು ಪಟ್ಟಿಯನ್ನು ಎಲ್ಲರಿಗೂ ಎತ್ತಿ ತೋರಿಸಿ, "ಏನಮ್ಮ, ಗೆರೆ ಎಳೆದಿದ್ದೋ, ಅದಕ್ಕೂ ಒಂದು ರೈಲು ಟಿಕೆಟ್ ಕೊಡಿಸಿದ್ದೋ?" ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಆದರೆ ಕಿವಿ ಕೆಂಪಾಗಿತ್ತು.

ಎಲ್ಲರೂ ಹೋದ ಮೇಲೆ ಆ ಪಟ್ಟಿಯನ್ನು ಕಸದ ಬುಟ್ಟಿಯಿಂದ ತೆಗೆದುಕೊಂಡೆ. ಒಣಗಿಸಿ ಗೋಡೆಗೆ ಅಂಟಿಸಿದ್ದೇನೆ. ಕೆಟ್ಟ ಪಟ್ಟಿ ಒಳ್ಳೆಯದಕ್ಕಿಂತ ಚೆಂದವಾಗಿದೆ.

ಜೂನ್ 19, ಭಾನುವಾರ

ಕಾಲೇಜು ರಜ. ಅಣ್ಣ ಫೋನ್ ಮಾಡಿದ. ನಾನು ಮಲಗುತ್ತಿದ್ದ ಕಡೆ ಈಗ ಮಗುವಿನ ತೊಟ್ಟಿಲು ಇಟ್ಟಿದ್ದಾರಂತೆ. ನನ್ನ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ್ದಾರಂತೆ. "ನಿನಗೇನೂ ತೊಂದರೆ ಇಲ್ಲ ತಾನೆ?" ಎಂದ. ಇಲ್ಲ ಎಂದೆ. ಅತ್ತಿಗೆ ಹಿಂದಿನಿಂದ ಏನೋ ಕೂಗಿದರು. ಫೋನ್ ಇಟ್ಟ.

ಇವತ್ತಿನ ಮಾತು: ಇಲ್ಲ.

ಜೂನ್ 27, ಸೋಮವಾರ

ಇವತ್ತು ಊಟದ ಹೊತ್ತಿಗೆ ಗಡಿಬಿಡಿ ತನ್ನ ಡಬ್ಬಿ ತೆಗೆದುಕೊಂಡು ಬಂದು ತೊಳೆಯುವ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಕೂತಳು. ಮೇಲೆ ಹುಡುಗಿಯರ ಜೊತೆ ಕೂತರೆ ಉಪದೇಶ ಜಾಸ್ತಿ, ಊಟ ಕಡಿಮೆ ಎಂದಳು. ನಾನು ಏನೂ ಹೇಳದಿದ್ದರೂ ಅವಳೇ ಎಲ್ಲ ಹೇಳಿದಳು. ಅವಳ ಅಪ್ಪ ಹಾಸಿಗೆ ಹಿಡಿದು ಆರು ವರ್ಷ ಇದ್ದರಂತೆ. ತಿರುಗಿಸಿ ಮಲಗಿಸುವುದು, ಒರೆಸುವುದು, ಉಣ್ಣಿಸುವುದು ಎಲ್ಲ ಇವಳೇ. ಅಪ್ಪ ಹೋದ ಮೇಲೆ, ಬರುವುದು ಇದೊಂದೇ ಕೆಲಸ, ಇದನ್ನೇ ಕಲಿಯೋಣ ಎಂದು ಸೇರಿದಳಂತೆ. "ಅಲ್ಲಿ ಕೈ ನಡುಗ್ತಿರ್ಲಿಲ್ಲ ಗೊತ್ತಾ? ಹಿಂದೆ ಯಾರಾದ್ರೂ ಪೆನ್ನು ಹಿಡ್ಕೊಂಡು ನಿಂತ್ರೆ ಮಾತ್ರ ಈ ಭೂಕಂಪ" ಎಂದು ಬೆರಳು ಚಾಚಿ ತೋರಿಸಿದಳು.

ನಾಡಿ, ಉಸಿರು ಎಣಿಸುವ ಈ ಪ್ರಾಕ್ಟಿಕಲ್ಲಿನಲ್ಲಿ ಅವಳು ಎರಡು ಸಲ ಫೇಲಾಗಿದ್ದಾಳೆ. ಮೂರನೆಯದೇ ಕೊನೆ. ಈ ಸಲವೂ ಹೋದರೆ ಹೆಸರು ಹೊಡೆದುಹಾಕಿ ಮನೆಗೆ ಕಳಿಸುತ್ತಾರೆ. ಮನೆಯೆಂದರೆ ಸೋದರಮಾವನ ಮನೆ. ಅವರ ಅಂಗಡಿಯಲ್ಲಿ ಬಟ್ಟೆ ಮಡಚಿಡುವುದು, ಅವರು ತೋರಿಸಿದವನನ್ನು ಮದುವೆಯಾಗುವುದು. ಪಾಸಾದರೆ ದೊಡ್ಡಾಸ್ಪತ್ರೆಯಲ್ಲಿ ಕೆಲಸಕ್ಕೆ ಹೋಗಬಹುದು. ಅದು ಇಲ್ಲಿಂದ ದೂರ.

ಊಟವಾದ ಮೇಲೆ, ದಿನಾ ಸ್ವಲ್ಪ ಹೊತ್ತು ನನ್ನ ಮೇಲೆ ಅಭ್ಯಾಸ ಮಾಡಬಹುದೇ ಎಂದು ಕೇಳಿದಳು. "ನಿಮಗೆ ಬೇಜಾರಾದ್ರೆ ಬೇಡ ತಂಗಿ." ತಂಗಿ ಎಂದಳು. ನಾನು ತಲೆಯಾಡಿಸಿ ಕೈ ಒರೆಸಿಕೊಂಡು ಚಾಚಿದೆ.

ಜುಲೈ 1, ಶುಕ್ರವಾರ

ಅಕ್ಕ ದಿನಾ ಬರುತ್ತಾಳೆ. ಇನ್ನು ಇಲ್ಲಿ ಅಕ್ಕ ಎಂದೇ ಬರೆಯುತ್ತೇನೆ.

ನಾನೊಂದು ಉಪಾಯ ಕಂಡುಕೊಂಡಿದ್ದೇನೆ, ಯಾರಿಗೂ ಹೇಳಿಲ್ಲ. ನಾಡಿ ಎಣಿಸುವಾಗ ಅಕ್ಕನ ಬೆರಳು ಒತ್ತಿಕೊಂಡಿರುತ್ತದೆ. ಎಣಿಸಿ ಮುಗಿದು ಉಸಿರಿನ ಕಡೆ ಹೊರಳಿದ ಕೂಡಲೇ ಬೆರಳು ಸ್ವಲ್ಪ ಸಡಿಲವಾಗುತ್ತದೆ. ಎಲ್ಲ ಹುಡುಗಿಯರದೂ ಹಾಗೇ. ಸಡಿಲವಾದ ಕೂಡಲೇ ನಾನು ಉಸಿರನ್ನು ನಿಧಾನ ಮಾಡುತ್ತೇನೆ. ದೊಡ್ಡದಾಗಿ, ಒಂದೇ ಸಮನಾಗಿ, ಎಣಿಸುವವರಿಗೆ ಚೆನ್ನಾಗಿ ಕಾಣುವಂತೆ. ಅಕ್ಕ ಒಮ್ಮೆಯೂ ತಪ್ಪಲಿಲ್ಲ. "ನೋಡು ತಂಗಿ, ಬರ್ತಾ ಇದೆ, ನಂಗೆ ಬರ್ತಾ ಇದೆ" ಎಂದಳು. ಅವಳ ಮುಖ ನೋಡಬೇಕಿತ್ತು.

ನನ್ನಿಂದಲೂ ಒಬ್ಬರಿಗೆ ಉಪಯೋಗವಾಯಿತು. ಬೇರೆ ಹುಡುಗಿಯರು ಬಂದಾಗ ಕಿಟಕಿ ನೋಡುತ್ತಾ ಹೇಗೆ ಬಂದರೆ ಹಾಗೆ ಉಸಿರಾಡುತ್ತೇನೆ. ಅಕ್ಕನಿಗೆ ಮಾತ್ರ ಇದು.

ಜುಲೈ 5, ಮಂಗಳವಾರ

ಲ್ಯಾಬಿನಲ್ಲಿ ಎಣ್ಣೆ ಮತ್ತು ನೀರನ್ನು ಬೇರೆ ಮಾಡುವ ಪಾಠ. ಕೆಳಗೆ ನಲ್ಲಿ ಇರುವ ಗಾಜಿನ ಆಲಿಕೆಯಲ್ಲಿ ಎರಡನ್ನೂ ಹಾಕಿ ಕುಲುಕಿ, ಸುಮ್ಮನೆ ಬಿಡಬೇಕು. ತಾವಾಗಿಯೇ ಬೇರೆಯಾಗುತ್ತವೆ. ಆಮೇಲೆ ಕೆಳಗಿನದನ್ನು ಇಳಿಸಿಕೊಳ್ಳುವುದು. ಅಕ್ಕನಿಗೆ ಕಾಯುವುದೇ ಕಷ್ಟ. ಇವತ್ತು ಮಾತ್ರ ಕಾದಳು. ಎರಡರ ನಡುವೆ ಗೆರೆ ಮೂಡಿದ ಮೇಲೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು.

ಅಕ್ಕ ಪಾಸಾದರೆ ಹೋಗುತ್ತಾಳೆ. ಫೇಲಾದರೂ ಹೋಗುತ್ತಾಳೆ. ಪಾಸಾಗಿಯೇ ಹೋಗಲಿ.

ಜುಲೈ 12, ಮಂಗಳವಾರ

ಏನಾಯಿತೆಂದು ಸರಿಯಾಗಿ ಬರೆಯುತ್ತೇನೆ. ಬರೆದರಾದರೂ ಅರ್ಥವಾಗಬಹುದು.

ಇವತ್ತು ಪರೀಕ್ಷೆ. ನನ್ನ ಹಾಸಿಗೆಗೆ ನಾಲ್ವರನ್ನು ಹಾಕಿದ್ದರು, ಅಕ್ಕ ಕೊನೆಯವಳು. ಹುಡುಗಿ ನಾಡಿ, ಉಸಿರು ಎಣಿಸಿ ಚೀಟಿಯಲ್ಲಿ ಬರೆದು ಮಗುಚಿಡಬೇಕು. ಅವಳು ಕೈಬಿಟ್ಟ ಕೂಡಲೇ ಮೇಡಂ ಬಂದು ತಾವೇ ಎಣಿಸುತ್ತಾರೆ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಮೊದಲ ಮೂವರದು ಸರಿಯಾಯಿತು.

ಅಕ್ಕ ಬಂದಳು. ಮೇಡಂ ಇದ್ದರೂ ಮೆಲ್ಲಗೆ "ಕೈ ಹಿಡೀಲಾ?" ಎಂದಳು. ನಾಡಿ ಎಣಿಸಿದಳು. ಬೆರಳು ಸಡಿಲವಾಯಿತು. ಇವತ್ತು ಇನ್ನೂ ಚೆನ್ನಾಗಿ ಮಾಡಬೇಕೆಂದು ನಾನು ಎಂದಿಗಿಂತ ನಿಧಾನವಾಗಿ ಉಸಿರಾಡಿದೆ. ಎದೆ ಒತ್ತಿ ಬರುತ್ತಿತ್ತು, ತಡೆದುಕೊಂಡೆ. ಅಕ್ಕ ಬರೆದು ಚೀಟಿ ಮಗುಚಿದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಅಬ್ಬ, ಮುಗಿಯಿತು ಎಂದು ನಾನು ಉಸಿರು ಬಿಟ್ಟೆ.

ಮೇಡಂ ಬಂದು ಕೈ ಹಿಡಿದರು. ನನಗಿನ್ನೂ ಏದುಸಿರು. ಎಣಿಸಿದರು, ಚೀಟಿ ತಿರುಗಿಸಿದರು. ನಾಡಿ ಸರಿ. ಉಸಿರು ಅಕ್ಕ ಬರೆದದ್ದು ಹನ್ನೆರಡು, ಮೇಡಂ ಎಣಿಸಿದ್ದು ಇಪ್ಪತ್ತನಾಲ್ಕು. ಮಣಿಕಟ್ಟು ಝಾಡಿಸಿದರು. ಆದರೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ತಪ್ಪು ಎಣಿಸಿದ್ರೆ ಕಲಿಸಬಹುದು. ಎಣಿಸ್ದೇ ಬರೆಯೋರಿಗೆ ನಾನು ಏನು ಕಲಿಸ್ಲಿ?"

"ಎಣಿಸಿದೆ ಮೇಡಂ."

"ಅರ್ಧಕ್ಕರ್ಧ ಕಡಿಮೆ ಆಗತ್ತಾ? ನಾಳೆ ವಾರ್ಡಲ್ಲಿ ಒಬ್ಬರು ಉಸಿರಾಡೋಕೆ ಒದ್ದಾಡ್ತಿದ್ದಾಗ ನೀನು ಹನ್ನೆರಡು ಅಂತ ಬರೆದು ಹೋಗ್ತೀಯಾ?"

ಅಕ್ಕ ಮತ್ತೆ "ಎಣಿಸಿದೆ" ಎಂದಳು, ತುಟಿ ಮಾತ್ರ ಅಲ್ಲಾಡಿತು. ಅವರಿಬ್ಬರ ನಡುವೆ ನಾನು ಹೊದಿಕೆ ಹೊದ್ದು ಮಲಗಿದ್ದೆ.

ಅಕ್ಕ ಹೇಗೆ ತಪ್ಪಿದಳೋ ತಿಳಿಯದು. ನಾನು ಅಷ್ಟು ನಿಧಾನವಾಗಿ ಉಸಿರಾಡಿದ್ದೆ.

ಜುಲೈ 13, ಬುಧವಾರ

ಅಕ್ಕ ಊಟಕ್ಕೆ ಬರಲಿಲ್ಲ.

ಮಧ್ಯಾಹ್ನ ಮೇಷ್ಟ್ರು ಇನ್ನೊಂದು ಗುಂಪಿಗೆ ಬಣ್ಣ ಬಿಡಿಸುವ ಪಾಠ ಮಾಡುತ್ತಿದ್ದರು. ನಾನು ಹಿಂದೆ ಲೋಟಗಳನ್ನು ತೊಳೆಯುತ್ತಿದ್ದೆ. ಗೆರೆ ಪೆನ್ಸಿಲ್ಲಿನದೇ ಯಾಕೆ ಎಂದು ಯಾರೋ ಕೇಳಿದರು. ಮೇಷ್ಟ್ರು ಹೇಳಿದರು: "ಉಳಿದದ್ದೆಲ್ಲ ಓಡ್ಲಿ, ಗೆರೆ ಮಾತ್ರ ನಿಂತಲ್ಲೇ ನಿಂತಿರ್ಬೇಕು. ಹೊರಟ ಜಾಗನೇ ಓಡಿಹೋದ್ರೆ, ಎಷ್ಟು ದೂರ ಬಂದ್ವಿ ಅಂತ ಎಲ್ಲಿಂದ ಅಳೀತೀರಿ?"

ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ.

ಅಕ್ಕ ಸರಿಯಾಗಿಯೇ ಎಣಿಸಿದ್ದಳು. ಹನ್ನೆರಡೇ ಇತ್ತು. ಮೇಡಂ ಎಣಿಸುವ ಹೊತ್ತಿಗೆ ನಾನು ಬೇರೆಯಾಗಿದ್ದೆ. ನಾನು ಹಾಸಿಗೆಯ ಮೇಲೆ ಸುಮ್ಮನೆ ಇರಬೇಕಾಗಿತ್ತು, ಅಷ್ಟೇ. ಅದೊಂದೇ ಕೆಲಸ. ಅದನ್ನೂ ಮಾಡಲಿಲ್ಲ.

ಜುಲೈ 14, ಗುರುವಾರ

ಮೇಡಂ ಕೋಣೆಯ ಬಾಗಿಲವರೆಗೆ ಹೋಗಿ ಬಂದೆ. ಒಳಗೆ ಯಾರೋ ಇದ್ದರು. ಮತ್ತೆ ಹೋದೆ. ಮೇಡಂ ಒಬ್ಬರೇ ಇದ್ದರು, ಆದರೂ ವಾಪಸು ಬಂದೆ.

ಮೇಷ್ಟ್ರಿಗೆ ಎಲ್ಲ ಹೇಳಿ, ನೀವೇ ಹೇಳಿಬಿಡಿ ಎಂದೆ. ಇಷ್ಟು ಉದ್ದದ ಮಾತು ನಾನು ಆಡಿದ್ದನ್ನು ಅವರು ಕೇಳಿರಲಿಲ್ಲ, ಕೊನೆಯವರೆಗೂ ತಮಾಷೆ ಮಾಡಲಿಲ್ಲ. ಆಮೇಲೆ, "ಉಸಿರು ನಿಂದು. ಮಾತೂ ನಿಂದೇ ಆಗ್ಲಿ. ನಾನು ಹೇಳಿದ್ರೆ ಇವನು ಹುಡುಗಿಯನ್ನ ಉಳಿಸೋಕೆ ಕಥೆ ಕಟ್ತಿದಾನೆ ಅಂತಾರೆ" ಎಂದರು.

ಸೋಮವಾರ ಪಾಸಾದವರ ಪಟ್ಟಿ ಹಾಕುತ್ತಾರಂತೆ.

ಜುಲೈ 15, ಶುಕ್ರವಾರ

ಬೆಳಿಗ್ಗೆ ಲೋಟಗಳನ್ನು ಸಾಲಾಗಿ ಇಟ್ಟು ಅವುಗಳ ಮುಂದೆ ಹೇಳಿ ನೋಡಿದೆ. ಅವು ಏನೂ ಅನ್ನಲಿಲ್ಲ. ಕೈಯ ಒದ್ದೆ ಆರುವ ಮೊದಲೇ ಮೇಲೆ ಹೋದೆ, ನಿಂತರೆ ಮತ್ತೆ ವಾಪಸು ಬರುತ್ತೇನೆಂದು ಗೊತ್ತಿತ್ತು.

ಮೇಡಂ ಏನೋ ತಿದ್ದುತ್ತಿದ್ದರು. "ಏನು, ಸೋಪು ಮುಗೀತಾ?" ಎಂದರು.

"ಅಕ್ಕ ಎಣಿಸಿದ್ರು" ಎಂದೆ. ಲೋಟಗಳ ಮುಂದೆ ಹೇಳಿದ್ದೆಲ್ಲ ಮರೆತುಹೋಗಿ ಇದೊಂದೇ ಹೊರಗೆ ಬಂತು. ಯಾವ ಅಕ್ಕ ಎಂದು ಕೇಳಿದರು. ಆಮೇಲೆ ಒಂದೊಂದಾಗಿ ಹೇಳಿದೆ. ಬೆರಳು ಸಡಿಲವಾಗುವುದು, ನಿಧಾನ ಮಾಡುವುದು, ಆಮೇಲೆ ಏದುಸಿರು ಬಂದದ್ದು. ಮೇಡಂ ಪೆನ್ನು ಮುಚ್ಚಿದರು. ಎದ್ದು ಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮಣಿಕಟ್ಟು ಹಿಡಿದರು. ಗಡಿಯಾರ ನೋಡುತ್ತಾ ಎಣಿಸಿದರು, ಆಮೇಲೆ ಬೆರಳು ಸ್ವಲ್ಪ ಸಡಿಲವಾಯಿತು.

"ಈಗ ಉಸಿರು ಎಣಿಸೋಕೆ ಶುರು ಮಾಡಿದ್ರಿ" ಎಂದೆ.

ಮೇಡಂ ನನ್ನನ್ನೇ ನೋಡಿದರು. "ಎಷ್ಟು ದಿನದಿಂದ ಗೊತ್ತು ಇದು?"

"ಮೊದಲನೇ ದಿನದಿಂದ. ನೀವೇ ಹೇಳಿದ್ರಿ."

"ನಾನಾ?"

"ನನ್ನ ಮೇಲೆ ನಿಂತ್ಕೊಂಡು."

ಬೈಯುತ್ತಾರೆ ಎಂದು ಅವರ ಮಣಿಕಟ್ಟನ್ನೇ ನೋಡುತ್ತಿದ್ದೆ. ಝಾಡಿಸಲಿಲ್ಲ. ನನ್ನ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟು ಹೋಗಿ ಕೂತರು. ನೀನು ಹೇಳಿದೆ ಎಂದು ಅಂಕಿ ತಿದ್ದಲು ಆಗುವುದಿಲ್ಲ, ನಿನ್ನ ಹಾಸಿಗೆಗೆ ಬಂದ ನಾಲ್ವರಿಗೂ ಬೇರೆಯವರ ಮೇಲೆ ಮತ್ತೆ ಪರೀಕ್ಷೆ ಮಾಡಬೇಕು, ಸರಿಯಾಗಿ ಮಾಡಿದವರೂ ಮತ್ತೆ ಬರೆಯಬೇಕು, ಅವರು ನಿನ್ನನ್ನು ಬೈಯುತ್ತಾರೆ, ನನ್ನನ್ನೂ ಬೈಯುತ್ತಾರೆ ಎಂದರು. ಕೋಪದಿಂದ ಹೇಳಲಿಲ್ಲ. ನಾನು ಬಾಗಿಲ ಹತ್ತಿರ ಹೋದಾಗ ಕರೆದರು.

"ಇನ್ಮೇಲೆ ನೀನು ಮಲಗೋದು ಬೇಡಮ್ಮ. ನಿನ್ನ ಉಸಿರು ಪಾಠ ಕಲಿತುಬಿಟ್ಟಿದೆ."

ಆಯ್ತು ಎಂದೆ. ಮೆಟ್ಟಿಲು ಇಳಿಯುವಾಗ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದೆ. ಕೆಳಗೆ ಬಂದ ಮೇಲೆ ಗೊತ್ತಾಯಿತು.

ಜುಲೈ 18, ಸೋಮವಾರ

ಪಟ್ಟಿಯಲ್ಲಿ ಆ ನಾಲ್ವರ ಹೆಸರಿಲ್ಲ. ಗುರುವಾರ ಮರುಪರೀಕ್ಷೆ ಎಂದು ಕೆಳಗೆ ಬರೆದಿದ್ದಾರೆ.

ಅಕ್ಕನನ್ನು ಬಿಟ್ಟು ಉಳಿದ ಮೂವರಲ್ಲಿ ಒಬ್ಬಳು ಲ್ಯಾಬಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ಇಷ್ಟು ದಿನ ಮೂಗಿ ಅಂದ್ಕೊಂಡಿದ್ವಿ. ಬಾಯಿ ಬಿಟ್ರೆ ನಮ್ಮ ಅನ್ನಕ್ಕೇ ಕಲ್ಲು ಹಾಕ್ತು ನೋಡು ಹಾಸಿಗೆ" ಎಂದಳು. ನಾನು ನಲ್ಲಿ ಜೋರು ಮಾಡಿದೆ.

ಅಕ್ಕ ಸಂಜೆ ಬಂದಳು. ಸಂತೋಷವಾಗಿರುತ್ತಾಳೆ ಎಂದುಕೊಂಡಿದ್ದೆ. ಕೂರಲಿಲ್ಲ.

"ದಿನಾನೂ ಹಾಗೇ ಮಾಡ್ತಿದ್ಯಾ? ಇಲ್ಲಿ ಕೂತು ಅಭ್ಯಾಸ ಮಾಡ್ವಾಗ್ಲೂ?"

ಹೂಂ ಎಂದೆ.

"ಹಾಗಾದ್ರೆ ನಂಗೆ ಬಂದಿದ್ದು ಏನು? ನೀನು ಬಡಿಸಿದ್ದನ್ನ ನಾನು ಎಣಿಸಿದೆ. ನಂಗೆ ಎಣಿಸೋಕೆ ಬರತ್ತೋ ಇಲ್ವೋ ಅಂತ್ಲೇ ಈಗ ಗೊತ್ತಿಲ್ಲ ಕಣೆ. ಸಹಾಯ ಮಾಡು ಅಂತ ನಾನು ಕೇಳಿದ್ನಾ? ಕೈ ಮಾತ್ರ ಕೇಳಿದ್ದೆ."

ಅಷ್ಟು ಹೇಳಿ ಹೋದಳು.

ಜುಲೈ 19, ಮಂಗಳವಾರ

ಒಂದು ಬ್ಯೂರೆಟ್, ಅಳತೆಯ ಉದ್ದನೆಯ ಗಾಜಿನ ಕೊಳವೆ, ಒಡೆಯಿತು. ಮೇಷ್ಟ್ರು ಅದಕ್ಕೆ ಸದ್ಗತಿ ಕೋರಿದರು.

ಅಕ್ಕ ಬರಲಿಲ್ಲ.

ಜುಲೈ 20, ಬುಧವಾರ

ಊಟದ ಹೊತ್ತಿಗೆ ಅಕ್ಕನನ್ನು ಹುಡುಕಿಕೊಂಡು ನಾನೇ ಹೋದೆ. ಕಾಲೇಜಿನ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಎದುರಿಗೆ ಮರದ ಕೆಳಗೆ ಒಂದು ನಾಯಿ ಮಲಗಿತ್ತು. ಅಕ್ಕ ಅದರ ಹೊಟ್ಟೆಯನ್ನೇ ನೋಡುತ್ತಾ ಗಡಿಯಾರ ಹಿಡಿದು ಎಣಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಎದ್ದು ಹೋಗು ಎನ್ನಲಿಲ್ಲ. ಅವಳು ಮತ್ತೆ ಮೊದಲಿಂದ ಶುರು ಮಾಡಿದಾಗ ನಾನೂ ಎಣಿಸಿದೆ. ಕೊನೆಗೆ ಅಕ್ಕ ತನ್ನ ಅಂಕಿ ಹೇಳಿದಳು, ನಾನು ನನ್ನದು ಹೇಳಿದೆ. ಒಂದೇ ಆಗಿತ್ತು.

"ನಾಯಿಗೆ ಪಾಠ ಗೊತ್ತಿಲ್ಲ" ಎಂದೆ.

ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು. ನಕ್ಕಳೇನೋ, ಸರಿಯಾಗಿ ಕಾಣಲಿಲ್ಲ. ಆಮೇಲೆ ಕಣ್ಣಿಗೆ ಬಿದ್ದವರೆಲ್ಲರ ಉಸಿರನ್ನೂ ಎಣಿಸಿದೆವು. ಗೇಟಿನ ಹತ್ತಿರ ಕುರ್ಚಿಯಲ್ಲಿ ತೂಕಡಿಸುವ ಕಾವಲುಗಾರ, ಹುಲ್ಲಿನ ಮೇಲೆ ಒರಗಿದ್ದ ತೋಟದವನು. ದೂರದಿಂದ ಎಣಿಸುವುದು ಬಹಳ ಕಷ್ಟ. ಅಕ್ಕ ಎರಡು ಸಲ ತಪ್ಪಿದಳು, ಮತ್ತೆ ಮೊದಲಿಂದ ಎಣಿಸಿದಳು.

ಜುಲೈ 21, ಗುರುವಾರ

ಮೂರನೇ ಹಾಸಿಗೆಗೆ ಇವತ್ತು ಕ್ಯಾಂಟೀನಿನ ಅಡುಗೆಯವರನ್ನು ಹಾಕಿದರು. ದೊಡ್ಡ ಹೊಟ್ಟೆಯ ಮನುಷ್ಯ, ಬೆಳಗಿನಿಂದ ಒಲೆಯ ಮುಂದೆ ನಿಂತವರು, ದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆ ಹೋದರಂತೆ. ಗೊರಕೆ ಕೆಳಗಿನ ಲ್ಯಾಬಿನವರೆಗೂ ಕೇಳಿಸಿತು. ಎಬ್ಬಿಸೋಣವೇ ಎಂದು ಯಾರೋ ಕೇಳಿದಾಗ ಮೇಡಂ, "ಆಸ್ಪತ್ರೆಯಲ್ಲೂ ಜನ ನಿದ್ದೆ ಮಾಡ್ತಾರೆ, ಎಣಿಸಿ" ಎಂದರಂತೆ. ಇದೆಲ್ಲ ಮೇಷ್ಟ್ರು ಎರಡು ಸಲ ಮೇಲೆ ಹೋಗಿ ಇಣುಕಿ ತಂದ ಸುದ್ದಿ.

ನಾನು ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದೆ. ಎಲ್ಲ ಗಾಜಿನಲ್ಲೂ ನೀರು ಪೊರೆಯಂತೆ ಜಾರುತ್ತಿತ್ತು, ತೊಳೆಯಲು ಏನೂ ಉಳಿದಿರಲಿಲ್ಲ.

ಅಕ್ಕ ಕೆಳಗೆ ಇಳಿದು ಬಂದಳು. ಸರಿಯೋ ತಪ್ಪೋ ಗೊತ್ತಿಲ್ಲ, ಮೇಡಂ ಮುಖ ನೋಡಿದರೆ ಏನೂ ತಿಳಿಯಲ್ಲ ಎಂದಳು. ಕೈ ನಡುಗಿತಾ ಎಂದು ಕೇಳಿದೆ.

"ನಡುಗ್ತು. ನಡುಗ್ತಾನೇ ಎಣಿಸಿದೆ."

ಜುಲೈ 25, ಸೋಮವಾರ

ನಾಲ್ವರೂ ಪಾಸು. ಅಕ್ಕನ ಹೆಸರಿನ ಮುಂದೆ ಗೆರೆ ಇಲ್ಲ, ಚುಕ್ಕಿ ಇಲ್ಲ, ಬರೀ ಪಾಸು ಎಂದಿದೆ. ನೋಡಿ ಬಂದೆ. ಮತ್ತೆ ಹೋಗಿ ನೋಡಿ ಬಂದೆ.

ಬೈದ ಹುಡುಗಿ ಈಗಲೂ ಲೋಟವನ್ನು ನನ್ನ ಮುಂದೆ ಕುಕ್ಕಿಯೇ ಇಡುತ್ತಾಳೆ. ಇವತ್ತು "ಒಡೆದ್ರೆ ನಿಮ್ಮ ಲೆಕ್ಕಕ್ಕೆ ಬರೀತಾರೆ" ಎಂದೆ. ಆಮೇಲೆ ಮೆಲ್ಲಗೆ ಇಟ್ಟಳು.

ಜುಲೈ 30, ಶನಿವಾರ

ಅಕ್ಕ ಹೋದಳು. ದೊಡ್ಡಾಸ್ಪತ್ರೆಗೆ ಸೋಮವಾರವೇ ಹಾಜರಾಗಬೇಕಂತೆ.

ಬ್ಯಾಗು ಬಾಗಿಲಲ್ಲಿ ಇಟ್ಟು ಲ್ಯಾಬಿನ ಒಳಗೆ ಬಂದಳು. ಮೇಷ್ಟ್ರು ಅವಳಿಗೆ ಒಂದು ಪೆನ್ಸಿಲ್ ಕೊಟ್ಟು, "ಅಲ್ಲಿ ಗೆರೆಗೆ ಟಿಕೆಟ್ ಕೊಡಿಸ್ಬೇಡ" ಎಂದರು. ಅಕ್ಕ ಅವರ ಕಾಲು ಮುಟ್ಟುವಷ್ಟು ಬಗ್ಗಿ ನಕ್ಕಳು. ಮೇಷ್ಟ್ರು ಬಾಟಲಿ ಹುಡುಕುವ ನೆಪ ಮಾಡಿ ಒಳಕೋಣೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ನನ್ನ ಕೋಣೆ ನೋಡಬೇಕೆಂದಳು. ಇಲ್ಲಿಗೆ ಬಂದ ಮೊದಲನೆಯವಳು ಅವಳೇ. ಮಂಚದ ಮೇಲೆ ಕೂತಳು, ಗೋಡೆಯ ಮೇಲಿನ ಪಟ್ಟಿ ನೋಡಿದಳು. "ಇದು ನಂದಲ್ವಾ? ನನ್ನ ಅವಮಾನ ಅಂಟಿಸ್ಕೊಂಡಿದೀಯಲ್ಲೇ" ಎಂದು ಹೊಡೆಯುವಂತೆ ಕೈ ಎತ್ತಿದಳು. ತೆಗೆದುಕೊಂಡು ಹೋಗುತ್ತೀರಾ ಎಂದೆ. ಬೇಡ, ಇರಲಿ, ಇಲ್ಲಿ ಚೆನ್ನಾಗಿದೆ ಎಂದಳು.

ಆಮೇಲೆ "ಕೈ ಹಿಡೀಲಾ?" ಎಂದಳು.

ಚಾಚಿದೆ. ಬೆರಳು ಒತ್ತಿದಳು. ಕಿಟಕಿಯ ಕಡೆ ನೋಡಬೇಕು ಎಂದುಕೊಂಡೆ, ಎದುರು ಬರೀ ಗೋಡೆ. ಏನೂ ಮಾಡಬಾರದು, ಬಂದ ಹಾಗೆ ಬರಲಿ ಎಂದುಕೊಂಡಷ್ಟೂ ಉಸಿರು ಎಲ್ಲೆಲ್ಲೋ ಸಿಕ್ಕಿಕೊಂಡಿತು. ಬೆರಳು ಸಡಿಲವಾಯಿತು.

"ಅಕ್ಕ, ಉಸಿರು ಎಣಿಸ್ತಿದ್ದೀರಾ?"

"ಇಲ್ಲ" ಎಂದಳು. "ಸುಮ್ನೆ ಹಿಡ್ಕೊಂಡಿದೀನಿ."

ಗಡಿಯಾರ ಇದೆಯೇ ಎಂದು ಅವಳ ಇನ್ನೊಂದು ಕೈ ನೋಡಿದೆ. ಇರಲಿಲ್ಲ, ಅದು ಬಾಗಿಲಲ್ಲಿ ಬಿಟ್ಟ ಬ್ಯಾಗಿನಲ್ಲಿತ್ತು.

ಆಗಸ್ಟ್ 2, ಮಂಗಳವಾರ

ಅಣ್ಣನಿಗೆ ನಾನೇ ಫೋನ್ ಮಾಡಿದೆ. ಏನಾಯ್ತು ಎಂದು ಗಾಬರಿಯಾದ. ಏನೂ ಆಗಿಲ್ಲ, ಮಗು ಹೇಗಿದೆ ಎಂದು ಕೇಳಿದೆ. ತೊಟ್ಟಿಲ ಹತ್ತಿರ ಫೋನ್ ಹಿಡಿ ಎಂದೆ. ಹಿಡಿದ. ನಿದ್ದೆಯಲ್ಲಿತ್ತು. ಮಕ್ಕಳ ಉಸಿರು ದೊಡ್ಡವರದಕ್ಕಿಂತ ಬೇಗ ಬೇಗ ಎಂದು ಅಕ್ಕ ಹೇಳಿದ್ದು ನಿಜ. ನನ್ನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಇಲ್ಲಿಗೆ ಕಳಿಸು ಎಂದೆ.

ತೊಳೆಯುವ ಕಟ್ಟೆಯ ಮೇಲೆ ಅಕ್ಕ ಕೂರುತ್ತಿದ್ದ ಕಡೆ ಈಗ ಲೋಟ ಒಣಗಿಸಲು ಇಡಬಹುದು. ಇಟ್ಟಿಲ್ಲ.

ಆಗಸ್ಟ್ 8, ಸೋಮವಾರ

ಹೊಸ ಹುಡುಗಿಯರು ಬಂದಿದ್ದಾರೆ. ಗೊಂಬೆಯ ಭುಜ ಸರಿಯಾಗಿ ಬಂದಿದೆ. ಮೇಷ್ಟ್ರ ತಮಾಷೆಗಳೆಲ್ಲ ಹಳೆಯವೇ, ಆದರೆ ಇವರಿಗೆ ಹೊಸತು, ಜೋರಾಗಿ ನಗುತ್ತಾರೆ.

ಬೆಳಿಗ್ಗೆ ಬಣ್ಣ ಬಿಡಿಸುವ ಪಾಠವಿತ್ತು. ಕೊನೆಯ ಮೇಜಿನಲ್ಲಿ ಒಬ್ಬಳು ಯಾರ ಜೊತೆಯೂ ಸೇರದೆ ತಲೆ ತಗ್ಗಿಸಿ ನಿಂತಿದ್ದಳು. ಕಾಗದದ ಪಟ್ಟಿ ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಳು. ನಾನು ಒದ್ದೆ ಕೈ ಒರೆಸಿಕೊಂಡು ಹೋಗಿ, "ಪೆನ್ಸಿಲ್" ಎಂದು ಅವಳ ಮುಂದೆ ನನ್ನ ಪೆನ್ಸಿಲ್ ಇಟ್ಟೆ. ಅವಳು ಬೆಚ್ಚಿ ನನ್ನ ಮುಖ ನೋಡಿದಳು. ಆಮ್ಲದ ಕಲೆಯಾಗಿದ್ದ ನನ್ನ ಏಪ್ರನ್ ನೋಡಿದಳು. "ಥ್ಯಾಂಕ್ಸ್ ಅಕ್ಕ" ಎಂದಳು.

ಅವಳು ಗೆರೆ ಎಳೆಯುವಾಗ ಪಟ್ಟಿ ಜಾರದಂತೆ ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡಿದ್ದೆ.